ಚೌಗಾನಿನ ಚಿತ್ರ, ನೆಲದಡಿಯ ನೀರು

ವಿಜಯಪುರದ ಪೂರ್ವಕ್ಕೆ ಸುಮಾರು 10 ಮೈಲಿಯ ಮೇಲೆ ಕುಮಟಗಿ ಎಂಬ ಗ್ರಾಮವುಂಟು. ಗೋಳಗುಮ್ಮಟದಲ್ಲಿ ಪಿಸುಮಾತಿನ ಮಾರುದನಿ ಕೇಳಿ, ಇಬ್ರಾಹಿಂ ರೋಜಾದ ಕಲ್ಲಿನ ಕುಸುರಿಗೆ ಬೆರಗಾಗಿ, ಸಂಜೆಯ ರೈಲಿಗೆ ಹಿಂದಿರುಗುವ ಪ್ರವಾಸಿಗಳಲ್ಲಿ ಇತ್ತ ತಿರುಗುವವರು ವಿರಳ. ಆದರೆ ಆದಿಲಶಾಹಿ ಅರಸರು ಬೇಸಗೆಯ ಬೇಗೆಯನ್ನು ಕಳೆಯಲು ಕಟ್ಟಿಸಿಕೊಂಡ ವಿಹಾರಸ್ಥಾನವಿದು. ಇಲ್ಲಿಯ ಕಟ್ಟಡವೊಂದರ ಗೋಡೆಗಳ ಮೇಲೆ ಬಿಡಿಸಿದ್ದ ವರ್ಣಚಿತ್ರಗಳಲ್ಲಿ ಒಂದು, ಬಾಗಿದ ಕೋಲು ಹಿಡಿದು ಕುದುರೆಯ ಮೇಲೆ ಚೆಂಡಾಡುವ ಸವಾರರದು. ಪಾರಸಿಕರು ಚೌಗಾನ್ ಎಂದು ಕರೆದ, ಇಂದಿನವರು ಪೋಲೋ ಎನ್ನುವ ಆಟವದು. ಕುಸ್ತಿಯಾಳುಗಳೂ ಪರದೇಶದ ಅತಿಥಿಗಳೂ ಅದೇ ಗೋಡೆಗಳ ಮೇಲಿದ್ದರು. ಬಣ್ಣವೆಲ್ಲ ಬಹುಮಟ್ಟಿಗೆ ಅಳಿದುಹೋಗಿದೆ. ಬ್ರಿಟಿಷರ ಕಾಲದಲ್ಲಿ ಕಂಡವರು ಬರೆದಿಟ್ಟ ವಿವರಣೆಯನ್ನು ಓದಿಕೊಂಡು ಹೋದವನಿಗೆ ಮಾತ್ರ ಅಲ್ಲಿ ಏನಿತ್ತೆಂಬುದು ಹೊಳೆದೀತು.

ಚಿತ್ರಕ್ಕಿಂತಲೂ ವಿಸ್ಮಯಕರವಾದುದು ಅಲ್ಲಿಯ ಜಲಮಂಟಪ. ಕೊಳದ ನಡುವೆ ನಿಂತಿರುವ ಈ ಮಂಟಪಕ್ಕೆ ಎತ್ತರದ ತೊಟ್ಟಿಯಿಂದ ಕೊಳವೆಗಳ ಮೂಲಕ ನೀರು ಹರಿದುಬಂದು, ಚಾವಣಿಯಲ್ಲಿ ಅಳವಡಿಸಿದ ಸಣ್ಣ ರಂಧ್ರಗಳಿಂದ ತುಂತುರುಮಳೆಯಾಗಿ ಸುರಿಯುತ್ತಿತ್ತು. ಯಂತ್ರದ ಬಲವಿಲ್ಲ, ಎತ್ತರ ತಗ್ಗುಗಳ ಲೆಕ್ಕವೊಂದೇ ಆಧಾರ. ಬಿಜಾಪುರದ ಬಿಸಿಲನ್ನು ಬಲ್ಲವರಿಗೆ ಅರಸರ ಈ ಚಪಲ ಕ್ಷಮ್ಯವೆನಿಸದೆ ಇರದು!

ಇಂತಹ ಸ್ಥಳವನ್ನು ಜೀರ್ಣೋದ್ಧಾರ ಮಾಡುವುದೆಂದರೆ ಏನು? ಬಿರುಕಿಗೆ ಗಾರೆ ತುಂಬಿ, ಸುತ್ತಲೂ ಬೇಲಿ ಹಾಕಿ, ಫಲಕ ನಿಲ್ಲಿಸಿದರೆ ಸಾಕೆ? ಮಂಟಪದ ಅರ್ಥವೇ ನೀರಾಗಿರುವಾಗ, ನೀರಿಲ್ಲದ ಮಂಟಪವು ತಂತಿಯಿಲ್ಲದ ವೀಣೆಯಂತೆ.

ವಿಜಯಪುರದ ನಗರಕ್ಕೂ ಇದೇ ಮಾತು ಸಲ್ಲುತ್ತದೆ. ಮೊದಲನೆಯ ಅಲಿ ಆದಿಲಶಹನು 1565ರ ಸುಮಾರಿಗೆ ಕೋಟೆಯ ಗೋಡೆಯನ್ನು ಬೆಳೆಸಿದಾಗ ಒಳಗಿನ ಜನಕ್ಕೆ ನೀರೆಲ್ಲಿಂದ ಎಂಬ ಪ್ರಶ್ನೆ ಎದುರಾಯಿತು. ಉತ್ತರ ದೊರೆತದ್ದು ಪಶ್ಚಿಮದಲ್ಲಿ, ಟಿಕೋಟಾದ ದಾರಿಯಲ್ಲಿ ಮೂರು ನಾಲ್ಕು ಮೈಲಿ ದೂರದ ತೊರವೆಯಲ್ಲಿ. ಕನ್ನಡಿಗರಿಗೆ ತೊರವೆಯೆಂದೊಡನೆ ನೆನಪಾಗುವುದು ತೊರವೆ ರಾಮಾಯಣ. ಎರಡನೆಯ ಇಬ್ರಾಹಿಮನು 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದ್ದೂ ಈ ನೆಲದಲ್ಲಿಯೇ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಕಮಾನುಗಳು ಇಂದಿಗೂ ನಿಂತಿವೆ.

ತೊರವೆಯ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ ನಗರದತ್ತ ಹರಿಸಿದರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂತಹ ಕಂಡಿಗಳು; ಗಾಳಿಯಾಡುವುದಕ್ಕೂ ಹೂಳೆತ್ತುವುದಕ್ಕೂ ಅವೇ ದಾರಿ. ಮೇಲೆ ನಡೆಯುವ ದನಗಾಹಿಗೆ ಕಾಲಡಿಯಲ್ಲಿ ನೀರು ಹರಿಯುವ ಸುಳಿವನ್ನು ಕೊಡುತ್ತಿದ್ದವೂ ಈ ಕಂಡಿಗಳೇ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನು ಕೊರೆದೀತು, ಕಡಿಮೆಯಾದರೆ ಹೂಳು ಕಟ್ಟೀತು. ಆ ನಡುವಣ ಹದವನ್ನು ಮೈಲಿಗಟ್ಟಲೆ ಕಾಯ್ದುಕೊಂಡವರ ಹೆಸರನ್ನು ಇತಿಹಾಸ ಬರೆದಿಡಲಿಲ್ಲ. 1651ರಲ್ಲಿ ಮಹಮದ್ ಆದಿಲಶಹನ ಕಾಲಕ್ಕೆ ನಗರದ ದಕ್ಷಿಣದಲ್ಲಿ ಬೇಗಂ ತಲಾಬ್ ಸಿದ್ಧವಾಯಿತು. ಅಲ್ಲಿಂದ ಹೊರಟ ಮಣ್ಣಿನ ಕೊಳವೆಗಳನ್ನು ಗಾರೆಕಲ್ಲಿನಲ್ಲಿ ಹುದುಗಿಸಿದರು. ದಾರಿಯಲ್ಲಿ ನಿಲ್ಲಿಸಿದ ಗೋಪುರಗಳಿಗೆ ಗಂಜ್ ಎಂದು ಹೆಸರು. ನೀರಿನ ಒತ್ತಡ ಇಳಿಯಲು, ಕೆಸರು ತಳಕ್ಕೆ ತಂಗಲು ಇವು ನೆರವಾಗುತ್ತಿದ್ದವು. ಇಂದು ನಗರದ ಓಣಿಯಲ್ಲಿ ಒಂಟಿಯಾಗಿ ನಿಂತ ಗಂಜನ್ನು ಕಾವಲುಗೋಪುರವೆಂದು ಭಾವಿಸಿ ಸಾಗುವವರೇ ಹೆಚ್ಚು.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಮೇಲೆ ಜನ ಚದುರಿದರು. ಹೂಳೆತ್ತುವವರಿಲ್ಲದೆ ನೀರಿನ ದಾರಿಗಳು ಒಂದೊಂದಾಗಿ ಕಟ್ಟಿದವು. ಪುರಾತತ್ತ್ವಜ್ಞ ಹೆನ್ರಿ ಕಸೆನ್ಸ್ ಇಲ್ಲಿಯ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, 1916ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಸಂಶೋಧಕರ ಕೈದೀಪ.

ಹಳೆಯ ವಿನ್ಯಾಸವನ್ನು ಹುಡುಕುವ ಈ ಕೆಲಸಕ್ಕೆ ಹೊರನಾಡಿನ ಒಂದು ದೃಷ್ಟಾಂತವನ್ನು ಇಲ್ಲಿ ಹೇಳಬಹುದು. ಕೋಲು ಚೆಂಡಿನ ಇನ್ನೊಂದು ಆಟವಾದ ಗಾಲ್ಫ್ ಕರ್ನಾಟಕಕ್ಕೆ ಹೊಸದಲ್ಲ; ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಅಮೆರಿಕದ ಪೈನ್‌ಹರ್ಸ್ಟ್ ಎಂಬಲ್ಲಿ ಡೊನಾಲ್ಡ್ ರಾಸ್ 1907ರಲ್ಲಿ ರೂಪಿಸಿದ ಪ್ರಸಿದ್ಧ ಮೈದಾನವೊಂದು, ಹಸಿರು ಹುಲ್ಲಿನ ಹಂಬಲದಿಂದ ಕಾಲಕ್ರಮದಲ್ಲಿ ತನ್ನ ಮೂಲರೂಪವನ್ನೇ ಕಳೆದುಕೊಂಡಿತ್ತು. 2010–11ರಲ್ಲಿ ಬಿಲ್ ಕೂರ್, ಬೆನ್ ಕ್ರೆನ್‌ಶಾ ಎಂಬಿಬ್ಬರು ಅದರ ಜೀರ್ಣೋದ್ಧಾರಕ್ಕೆ ಹೊರಟಾಗ 1943ರಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರ ಕೈಗೆ ಸಿಕ್ಕಿತು. ಮತ್ತೊಂದು ಸಾಕ್ಷಿ ನೆಲದಲ್ಲಿಯೇ ಇತ್ತು: ಆಟದ ಹಾದಿಯ ನಟ್ಟನಡುವೆ ಹೂತಿದ್ದ ಹಳೆಯ ನೀರಿನ ಕೊಳವೆ. ಕೊಳವೆಯ ಜಾಡು ಹಿಡಿದು ಹಾದಿಯ ಅಗಲವನ್ನು ನಿರ್ಧರಿಸಿ, 30 ಎಕರೆಗೂ ಮಿಕ್ಕಿದ ಹುಲ್ಲನ್ನು ಕಿತ್ತುಹಾಕಿ, ಮರಳಿನ ಬಯಲನ್ನು ಮರಳಿ ತಂದರು. ಒಂದು ಆಟದ ಮೈದಾನಕ್ಕಾಗಿ ಇಷ್ಟು ಶ್ರದ್ಧೆ! ನಾಡಿನ ದಾಹ ತಣಿಸಿದ ಕೊಳವೆಗಳ ಜಾಡನ್ನು ಹಿಡಿಯಲು ಇದರಲ್ಲಿ ಅರ್ಧದಷ್ಟಾದರೂ ಬೇಡವೆ?

ಕೆಲಸ ನಡೆದೇ ಇಲ್ಲವೆಂದಲ್ಲ. ಎರಡನೆಯ ಇಬ್ರಾಹಿಮನ ರಾಣಿಯ ಹೆಸರಿನ ತಾಜ್ ಬಾವಡಿಯು 1620ರದು. ಅದರ ಮಹಾಕಮಾನಿನಡಿ ಹೂಳೂ ಕಸವೂ ವಿಸರ್ಜಿಸಿದ ಮೂರ್ತಿಗಳ ಮಣ್ಣೂ ತುಂಬಿದ್ದವು. 2017ರ ಸುಮಾರಿಗೆ ನೀರನ್ನು ಹೊರಹಾಕಿ ಹೂಳೆತ್ತಿದರು. ದಖ್ಖನಿನ ಪ್ರಾಚೀನ ಜಲವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯು 2020ರಲ್ಲಿ ತನ್ನ ಗಮನದ ಪಟ್ಟಿಗೆ ಸೇರಿಸಿತು. ಬಾವಿ ಕಣ್ಣಿಗೆ ಕಾಣುವ ವಸ್ತು. ಅದಕ್ಕೆ ರಕ್ಷಕರು ಒದಗುತ್ತಾರೆ. ಸುರಂಗದ ಗತಿ ಹಾಗಲ್ಲ. ಹೊಲದ ನಡುವಿನ ಕಂಡಿಯನ್ನು ಮುಚ್ಚಿ ಮನೆ ಎಬ್ಬಿಸಿದವನಿಗೆ ತಾನು ಏನನ್ನು ಮುಚ್ಚಿದೆನೆಂಬುದೇ ತಿಳಿಯದು. ಒಂದು ಕಂಡಿ ಹೋದರೆ ಜಾಡಿನ ಒಂದು ಅಕ್ಷರವೇ ಹೋದಂತೆ.

ತೊರವೆಯಿಂದ ಮುಂದೆ ಸಾಗಿದರೆ ಟಿಕೋಟಾದ ದ್ರಾಕ್ಷಿಯ ತೋಟಗಳು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯ ಎರೆಯ ನಾಡಿನಲ್ಲಿ ಈ ಹಸಿರು ಒಂದು ಸಾಹಸವೇ ಸರಿ. ದಕ್ಷಿಣಕ್ಕೆ ಹೊರಳಿದರೆ ಬಬಲೇಶ್ವರ, ಅದೇ ತಾಲ್ಲೂಕಿನಲ್ಲಿ ಮಮದಾಪುರ. ಮಹಮದ್ ಆದಿಲಶಹನು 1633ರಲ್ಲಿ ಕಟ್ಟಿಸಿದ ದೊಡ್ಡ ಕೆರೆ ಇಲ್ಲಿದೆ; ಊರಿಗೂ ಅವನದೇ ಹೆಸರು. ಮಳೆಯನ್ನೇ ನಂಬಿದ್ದ ಈ ಕೆರೆಗೆ ಈಗ ಕೃಷ್ಣೆಯ ನೀರನ್ನು ಯಂತ್ರಗಳಿಂದ ಎತ್ತಿ ತಂದು ತುಂಬಿಸುತ್ತಾರೆ. ಸುಮಾರು ನಾಲ್ಕು ಶತಮಾನಗಳ ಹಿಂದಿನ ಒಡ್ಡಿಗೆ ಆತುಕೊಂಡು ನಿಂತ ಆ ನೀರು ಸುತ್ತಣ ಬಾವಿಗಳಿಗೆ ಇಳಿಯುತ್ತದೆ. ಕೆರೆಯ ಏರಿಯನ್ನೇರಿ ನಿಂತವನ ಮುಖಕ್ಕೆ, ಬಿರುಬಿಸಿಲಿನಲ್ಲಿಯೂ ತಣ್ಣನೆಯ ಗಾಳಿ ಸೋಕುವುದು.