ಗಡಿಯಾರವೊಂದರ ಕಾಲನಿರ್ಣಯ

ಹಳೆಯ ಮನೆತನಗಳಲ್ಲಿ ಓಲೆಗರಿಯ ಕಟ್ಟು, ತಾಮ್ರದ ಹಂಡೆ, ಗೋಡೆಗೂಡಿನ ಗಡಿಯಾರ ಇವುಗಳ ಜೊತೆಗೆ ಒಂದೊಂದು ಕಥೆಯೂ ಪಿತ್ರಾರ್ಜಿತವಾಗಿ ಬರುತ್ತದೆ. ವಸ್ತುವನ್ನು ಒರೆಸಿ ಇಡುವವರುಂಟು. ಕಥೆಯನ್ನು ಒರೆಗೆ ಹಚ್ಚುವವರು ವಿರಳ.

ಹಲಸೂರಿನ ನಮ್ಮ ಮನೆಯ ಕರಿಯ ಗಡಿಯಾರಕ್ಕೂ ಅಂಥದೊಂದು ಕಥೆಯಿತ್ತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗ, ದಂಡಿನ ದೊರೆಯೊಬ್ಬನು ಧಾನ್ಯದ ವ್ಯಾಪಾರಿಯಾಗಿದ್ದ ನಮ್ಮ ಮುತ್ತಜ್ಜನಿಗೆ ಅದನ್ನು ಉಡುಗೊರೆಯಾಗಿ ಕೊಟ್ಟನಂತೆ. ನನ್ನ ಸೋದರತ್ತೆ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. “ಯಾವ ದೊರೆಯೂ ಕೊಡಲಿಲ್ಲ. ನಮ್ಮವ್ವ ಕೈಯ ಕಡಗ ಮಾರಿ, ಸೀಮೆಗೆ ಹೊರಟಿದ್ದ ಬಿಳಿಯರ ಮನೆಯ ಹರಾಜಿನಲ್ಲಿ ತಂದದ್ದು” ಎನ್ನುತ್ತಿದ್ದರು. ಗಂಡಸರು ನಕ್ಕು ಸುಮ್ಮನಾಗುತ್ತಿದ್ದರು. ಅತ್ತೆಯವರು 1989ರಲ್ಲಿ ಲಿಂಗೈಕ್ಯರಾದರು. ಈಚೆಗೆ ಮನೆಯ ಪಾಲುಪಟ್ಟಿಯನ್ನು ಬರೆಯುವಾಗ “ಮುತ್ತಜ್ಜನವರ ಗಡಿಯಾರ, ಹಿರಿಯ ಮಗನ ಶಾಖೆಗೆ” ಎಂಬ ಸಾಲು ಬಂದಿತು. ಸಹಿಗೆ ಮುನ್ನ ಒಮ್ಮೆ ಬಲ್ಲವರಿಗೆ ತೋರಿಸೋಣವೆಂದು ಅಣ್ಣನವರನ್ನು ಒಪ್ಪಿಸಿ, ಗಡಿಯಾರವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಶಿವಾಜಿನಗರಕ್ಕೆ ಒಯ್ದೆ.

ರಸೆಲ್ ಮಾರುಕಟ್ಟೆಯ ಕಟ್ಟಡ 1927ರದು. ಅದರ ಮೀನು ಮಾಂಸದ ಸಾಲನ್ನು ಬಳಸಿಕೊಂಡು, ಹೂವಿನವರ ನಡುವೆ ಹಾದು, ಹಳೆಯ ಸಾಮಾನುಗಳ ಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುವ ವೃದ್ಧ ಸಾಹೇಬರೊಬ್ಬರನ್ನು ಕಂಡೆ. ಅವರು ಮೊದಲು ಉಗುರಿನಿಂದ ತಟ್ಟಿ ನೋಡಿದರು. “ಕಲ್ಲಲ್ಲ ಸ್ವಾಮಿ, ಮರ. ಮೇಲೆ ಹಾಳೆ ಅಂಟಿಸಿದ್ದಾರೆ.” ಅದು ಸೆಲ್ಯುಲಾಯ್ಡ್ ಹಾಳೆ, ಅಡಮಂಟೈನ್ ಎಂದು ಅದರ ಹೆಸರು. ಕರಿಶಿಲೆಯಂತೆ ಕಾಣಲೆಂದು ಅಮೆರಿಕದ ಸೆತ್ ಥಾಮಸ್ ಕಂಪನಿಯವರು ಹೀಗೆ ಹೊದಿಸುತ್ತಿದ್ದರು. ಕನೆಕ್ಟಿಕಟ್ ಪ್ರಾಂತದಲ್ಲಿ 1813ರಿಂದ ನಡೆದ ಆ ಕಾರ್ಖಾನೆಯಿಂದಾಗಿ ಊರಿಗೇ ಥಾಮಸ್ಟನ್ ಎಂಬ ಹೆಸರು ಬಂದಿತು. ಅಡಮಂಟೈನಿನ ಪೇಟೆಂಟು 1880ರ ಸೆಪ್ಟೆಂಬರಿನದು. 1881ರ ಮಾರ್ಚಿಯಲ್ಲಿ ರಾಜ್ಯ ಮರಳಿತು. ಅಷ್ಟರೊಳಗೆ ಈ ಗಡಿಯಾರವು ಸಮುದ್ರ ದಾಟಿ ದಂಡಿಗೆ ಬಂದಿತೆಂದು ನಂಬುವುದು ಕಷ್ಟ.

ಸಾಹೇಬರು ಗಡಿಯಾರವನ್ನು ಮಗುಚಿದರು. ತಳದ ಹಲಗೆಯ ಮೇಲೆ ಮಸಿಯ ಮುದ್ರೆ: 4981, ಪಕ್ಕದಲ್ಲಿ ಇಂಗ್ಲಿಷಿನ ಜೆ ಅಕ್ಷರ. “ಹಳೇ ಥಾಮಸ್ ಬಹಳ ಬಂದಿವೆ. ಕೊನೆಯಲ್ಲಿ ಈ 81 ಇದ್ದೇ ಇರುತ್ತೆ” ಎಂದರು. ನಮ್ಮ ಹಿರಿಯರ 1881 ಹುಟ್ಟಿದ್ದು ಇಲ್ಲಿಯೇ ಇರಬೇಕು!

ಮಠದಲ್ಲಿ ಓಲೆಗರಿ ಓದಲು ಕಲಿತವನಿಗೆ ಈ ಮುದ್ರೆ ಪರಿಚಿತವಾಗಿಯೇ ತೋರಿತು. ನಮ್ಮ ಲಿಪಿಕಾರರು ಕಾಲವನ್ನು ಪದಗಳಲ್ಲಿ ಹೇಳುವಾಗ ಏಕಸ್ಥಾನದಿಂದ ಆರಂಭಿಸುತ್ತಾರೆ. ಅಂಕಗಳದು ಎಡದ ನಡಿಗೆ. ವೇದ, ನಿಧಿ, ವಸು, ಚಂದ್ರ ಎಂದರೆ ಕ್ರಮವಾಗಿ 4, 9, 8, 1. ಆದರೆ ಓದಬೇಕಾದದ್ದು 1894. ಥಾಮಸ್ಟನ್ನಿನವರ ರೂಢಿಯೂ ಇದೇ: ಇಸವಿಯನ್ನು ತಿರುಗುಮುರುಗಾಗಿ ಒತ್ತಿ, ಜನವರಿಗೆ ಎ, ಫೆಬ್ರವರಿಗೆ ಬಿ ಎಂದು ತಿಂಗಳಿನ ಅಕ್ಷರವನ್ನು ಸೇರಿಸುತ್ತಿದ್ದರು. ಜೆ ಹತ್ತನೆಯದು. ಅಂದರೆ ಪೆಟ್ಟಿಗೆಯ ಕಾಲ 1894ರ ಅಕ್ಟೋಬರ್. ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಎದ್ದು ಹೋಗಿ ಹಲಗೆಯ ಮೇಲಿದ್ದ ಇನ್ನೊಂದನ್ನು ತಂದು ಮಗುಚಿದರು: 2091. “ಹಾಗಾದರೆ ಇದು 1902!” ಎಂದು ಮಗುವಿನಂತೆ ನಕ್ಕರು.

ಆದರೂ ಪೆಟ್ಟಿಗೆಯೊಂದು, ಯಂತ್ರವೊಂದು ಆಗಿರಬಾರದೇಕೆ? ಎರಡು ಪ್ರತಿಗಳ ಗರಿಗಳು ಒಂದೇ ಕಟ್ಟಿನಲ್ಲಿ ಸೇರಿರುವುದನ್ನು ನಾನು ಎಷ್ಟೋ ಕಂಡಿದ್ದೇನೆ. ಸಾಹೇಬರು ಯಂತ್ರವನ್ನು ಬಿಚ್ಚಿ, ಮರದಲ್ಲಿ ಬೇರೆ ಸ್ಕ್ರೂ ರಂಧ್ರಗಳ ಗುರುತಿಲ್ಲವೆಂದು ತೋರಿಸಿದರು. ಲೋಲಕ ಮಾತ್ರ ಆಮೇಲಿನದು. ಹಿತ್ತಾಳೆಯ ಹಿಂಬದಿಯಲ್ಲಿ ಹಿಂದಿನ ರಿಪೇರಿಯವರು ಯಾರೋ ಸೂಜಿಮೊನೆಯಿಂದ ಗೀಚಿದ್ದ 1923 ಎಂಬ ಅಂಕಿಯಿತ್ತು. ಆ ವರುಷ ಅತ್ತೆಯವರಿಗೆ ಹನ್ನೊಂದು.

ಇನ್ನು ಮುತ್ತಜ್ಜನವರು. ಅವರ ಸಮಾಧಿಯ ಕಲ್ಲಿನಲ್ಲಿ ಇರುವುದು ಖರ ಸಂವತ್ಸರ. ಅದು 1891-92, ಅರುವತ್ತು ವರುಷ ಹಿಂದೆ ಸರಿದರೂ ಮುಂದೆ ಸರಿದರೂ ವಂಶಾವಳಿಗೆ ಹೊಂದದು. ಗಡಿಯಾರದ ಪೆಟ್ಟಿಗೆಗೆ ಮುದ್ರೆ ಬೀಳುವ ಹೊತ್ತಿಗೆ ಅವರು ಲಿಂಗೈಕ್ಯರಾಗಿ ಎರಡು ವರುಷಗಳಾದರೂ ಸಂದಿದ್ದವು.

ಕಡಗದ ಮಾತನ್ನು ಯಾವ ಮುದ್ರೆಯೂ ಹೇಳುವುದಿಲ್ಲ. ಆದರೆ ಉಳಿದ ಸಾಕ್ಷಿ ಅತ್ತೆಯವರದೊಂದೇ. ಅದಕ್ಕೆ ಗಡಿಯಾರದಲ್ಲಿ ಎಲ್ಲಿಯೂ ವಿರೋಧವಿಲ್ಲ. ಅಜ್ಜಿ ತನ್ನ ಒಡವೆಯಿಂದ ಕೊಂಡದ್ದಾದರೆ ಅದು ಸ್ತ್ರೀಧನ, ಮಗಳಿಗೆ ಸಲ್ಲಬೇಕಾದದ್ದು. ಪಕ್ಕದ ಅಂಗಡಿಯವನೊಬ್ಬನು “ದೊರೆ ಕೊಟ್ಟದ್ದೆಂದು ಒಂದು ಕಾಗದ ಬರೆದುಕೊಡಿ, ಎರಡರಷ್ಟು ಬೆಲೆ ಕೊಡುತ್ತೇನೆ” ಎಂದದ್ದನ್ನೂ ಅಣ್ಣನವರಿಗೆ ತಿಳಿಸಿದೆ. ಅವರು ಎಲ್ಲವನ್ನೂ ಕೇಳಿ, ಬಹಳ ಹೊತ್ತು ಮೌನವಾಗಿದ್ದು, ಪಟ್ಟಿಯ ಆ ಸಾಲನ್ನು ತಾವೇ ಹೊಡೆದುಹಾಕಿದರು.

ಗಡಿಯಾರವೀಗ ಕೆ.ಆರ್. ಪುರದಲ್ಲಿ ಅತ್ತೆಯ ಮಗಳ ಮನೆಯಲ್ಲಿದೆ. ವಾರಕ್ಕೊಮ್ಮೆ ಕೀ ಕೊಡಬೇಕು; ಟಿಕ್ ಟಿಕ್ ಸಮನಾಗಿ ಕೇಳುವವರೆಗೆ ಕಾಲಿನಡಿ ಕಾಗದ ಮಡಚಿಟ್ಟು ಮಟ್ಟ ಮಾಡಬೇಕೆಂಬುದು ಸಾಹೇಬರ ಅಪ್ಪಣೆ. ಎಂಬತ್ತು ದಾಟಿದ ಅತ್ತಿಗೆಯವರು ಅದನ್ನು ತಪ್ಪದೆ ಪಾಲಿಸುತ್ತಿದ್ದಾರೆ. ಅರ್ಧ ಗಂಟೆಗೊಮ್ಮೆ ಹೊಡೆಯುವ ಅದರ ಸದ್ದಿಗೆ ರಾತ್ರಿ ನಿದ್ದೆ ಬಾರದೆಂದು ಮೊಮ್ಮಗನ ದೂರು.