ಕೊರಿನ್ನಾ, ನಿನಗೆ

ಪ್ರೀತಿಯ ಕೊರಿನ್ನಾ,

ಟ್ಯಾಸ್ಮೇನಿಯಾದ ಪಶ್ಚಿಮದ ಕಾಡಿನಲ್ಲಿ, ಪೈಮನ್ ನದಿಯ ದಂಡೆಗೆ, ಈ ಹೆಸರಿನದೊಂದು ಪುಟ್ಟ ಊರಿದೆ. ಕಾರನ್ನು ಬಾರ್ಜಿಗೆ ಹತ್ತಿಸಿ ಹೊಳೆ ದಾಟಿದ ಮೇಲೆ ತಿಳಿಯಿತು, ಅದು ಅಲ್ಲಿಯ ಮೂಲನಿವಾಸಿಗಳು ನಿನ್ನ ಕುಲವನ್ನು ಕರೆಯುತ್ತಿದ್ದ ಹೆಸರುಗಳಲ್ಲೊಂದು ಎಂದು. ಬಿಳಿಯರು ನಿನ್ನ ಬೆನ್ನಿನ ಪಟ್ಟೆ ನೋಡಿ ಟ್ಯಾಸ್ಮೇನಿಯನ್ ಹುಲಿ ಎಂದರು. ವಿಜ್ಞಾನಿಗಳು ಥೈಲಸೀನ್ ಎಂದರು. ನೀನು ಹುಲಿಯಲ್ಲ, ತೋಳವೂ ಅಲ್ಲ; ಕಾಂಗರೂವಿನ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕುವವಳು. ನನಗೆ ಊರಿನ ಹೆಸರೇ ಹಿಡಿಸಿತು.

ನಾನು ಮತ್ತು ನನ್ನವರು ಮೆಲ್ಬರ್ನಿನ ಮಗಳ ಮನೆಗೆ ಬಂದವರು. ಅವಳ ಕಾರನ್ನು ಜೀಲಾಂಗಿನಲ್ಲಿ ಹಡಗು ಹತ್ತಿಸಿ, ರಾತ್ರಿಯನ್ನು ಸಮುದ್ರದ ಮೇಲೆ ಕಳೆದು, ಬೆಳಿಗ್ಗೆ ಡೆವನ್‌ಪೋರ್ಟಿನಲ್ಲಿ ಇಳಿದೆವು. ಕ್ರೇಡಲ್ ಮೌಂಟನ್ ಬುಡದ ರಾನಿ ಕ್ರೀಕಿನಲ್ಲಿ ವೊಂಬ್ಯಾಟುಗಳು ಕುರುಬರ ಕಂಬಳಿ ಹೊದ್ದ ಹಾಗೆ ಮೇಯುತ್ತಿದ್ದವು. ಅವುಗಳ ಹಿಕ್ಕೆ ಚೌಕಾಕಾರದ್ದು. ಇವರು ಮಗಳಿಗೆ ತೋರಿಸಲು ಅದರದ್ದೂ ಫೋಟೋ ತೆಗೆದರು. ದಾರಿ ಬದಿಯಲ್ಲಿ ಇರುವೆ ಹುಡುಕುವ ಎಕಿಡ್ನಾ ಸಿಕ್ಕಿತು. ಡೆಲೊರೇನ್ ಊರ ನಡುವಿನ ಹೊಳೆಯಲ್ಲಿ ಒಂದು ತಾಸು ಉಸಿರು ಬಿಗಿಹಿಡಿದು ಕೂತಿದ್ದಕ್ಕೆ ಪ್ಲಾಟಿಪಸ್ ಎರಡು ಸಲ ಬೆನ್ನು ತೋರಿಸಿ ಮುಳುಗಿತು. ಒಂದೊಂದನ್ನು ಕಂಡಾಗಲೂ ನಾನು ಡೈರಿಯಲ್ಲಿ ಬರೆದುಕೊಂಡೆ.

ನಿನ್ನನ್ನೂ ದಿನವೂ ಕಂಡೆ. ಮುಂದೆ ಹೋಗುವ ಪ್ರತಿ ಕಾರಿನ ನಂಬರ್ ಪ್ಲೇಟಿನ ಮೇಲೆ ನೀನಿದ್ದೆ. ರಾಜ್ಯದ ಲಾಂಛನದಲ್ಲಿ ಎಡಬಲಕ್ಕೆ ನಿಂತು ಗುರಾಣಿ ಹಿಡಿದವರೂ ನಿನ್ನವರೇ. ಅದೇ ಸರ್ಕಾರ 1888ರಲ್ಲಿ ನಿನ್ನವರ ತಲೆಗೆ ಬೆಲೆ ಕಟ್ಟಿತ್ತು: ಬೆಳೆದದ್ದಕ್ಕೆ ಒಂದು ಪೌಂಡು, ಮರಿಗೆ ಹತ್ತು ಶಿಲಿಂಗು. 1909ರ ಹೊತ್ತಿಗೆ 2,184 ಇನಾಮು ಬಟವಾಡೆಯಾಗಿದ್ದವು. ಕುರಿ ಹಿಡಿಯುತ್ತೀರಿ ಎಂಬುದು ಆಪಾದನೆ. ನಿನ್ನ ದವಡೆಗೆ ದೊಡ್ಡ ಕುರಿಯನ್ನು ಕೆಡವುವಷ್ಟು ಬಲವಿದ್ದಿರಲಾರದು ಎಂದು ಈಚೆಗೆ ಅದನ್ನು ಪರೀಕ್ಷಿಸಿದ ವಿಜ್ಞಾನಿಗಳು ಹೇಳಿದ್ದಾರೆ. ಮರಿಗೆ ಹತ್ತು ಶಿಲಿಂಗು ಎಂಬ ಲೆಕ್ಕ ಓದಿದ ದಿನ ನನಗೆ ಊಟ ಸೇರಲಿಲ್ಲ.

ಬೇರೆಯವರ ಊರಿನ ಪಾಪ ಎಂದು ದೂರ ನಿಲ್ಲಲಾರೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕಾಡಿನ ಕೆನ್ನಾಯಿಗೂ ಇನಾಮು ಇತ್ತು. ನೀನು ನೋಡಲು ಹೆಚ್ಚುಕಡಿಮೆ ಅದರಂತೆಯೇ ಇದ್ದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕಾಪಾಡಲು ಕೆನ್ನಾಯಿಗಳು ಇನ್ನೂ ಉಳಿದಿದ್ದವು. ಬಂಡೀಪುರದಲ್ಲಿ, ನಾಗರಹೊಳೆಯಲ್ಲಿ ಅವುಗಳ ಶಿಳ್ಳೆ ಈಗಲೂ ಕೇಳುತ್ತದೆ.

ನಿನಗೆ ಕಾಯ್ದೆಯ ರಕ್ಷಣೆ ಸಿಕ್ಕಿದ್ದು 1936ರ ಜುಲೈ 10ರಂದು. ಅದೇ ವರ್ಷದ ಮೇ ತಿಂಗಳಲ್ಲಿ ಫ್ಲೋರೆಂಟೈನ್ ಕಣಿವೆಯ ಬೇಟೆಗಾರನೊಬ್ಬ, ನಿನ್ನ ಕುಲದ ಕೊನೆಯವಳಾದ ನಿನ್ನನ್ನು ಉರುಳಿನಲ್ಲಿ ಹಿಡಿದು ಹೋಬಾರ್ಟಿನ ಮೃಗಾಲಯಕ್ಕೆ ಮಾರಿದ್ದ. ನೆಲದ ಮೇಲೆ ಉರುಳು ಒಡ್ಡುವುದು ಅಪರಾಧವಾಗಿದ್ದರಿಂದ ಆ ವಿಷಯದಲ್ಲಿ ಯಾರೂ ಬಾಯಿ ಬಿಡಲಿಲ್ಲ. ನೀನು ಆಗಲೇ ಮುದುಕಿ. ಸೆಪ್ಟೆಂಬರ್ 7ರ ರಾತ್ರಿ ತೀರಿಕೊಂಡೆ. ಕಾಯ್ದೆಯ ನೆರಳಿನಲ್ಲಿ ನೀನು ಬದುಕಿದ್ದು 59 ದಿನ.

ಆಮೇಲಿನದು ಹೆಚ್ಚು ನೋಯಿಸಿತು. ವಸ್ತುಸಂಗ್ರಹಾಲಯಕ್ಕೆ ಹೋದ ನಿನ್ನ ದೇಹ ಅಲ್ಲಿಯ ಪಟ್ಟಿಗೆ ಸೇರಲೇ ಇಲ್ಲ. ನಿನ್ನ ಚರ್ಮ ಒಯ್ಯಲು ಸುಲಭವಾಗಿತ್ತೆಂದು ಶಾಲೆಶಾಲೆಗೆ ಕೊಂಡುಹೋಗಿ ಮಕ್ಕಳಿಗೆ ತೋರಿಸಿದರು. ಅದನ್ನು ಮುಟ್ಟಿದ ಮಕ್ಕಳಿಗೆ ಅದು ಕೊನೆಯದು ಎಂದು ಗೊತ್ತಿರಲಿಲ್ಲ. ತೋರಿಸಿದ ಮೇಷ್ಟರಿಗೂ ಗೊತ್ತಿರಲಿಲ್ಲ. 2022ರಲ್ಲಿ ಸಂಶೋಧಕರು ಹಳೆಯ ಕಾಗದಪತ್ರ ತಡಕಿ, ಅದೇ ವಸ್ತುಸಂಗ್ರಹಾಲಯದ ಕಪಾಟಿನಲ್ಲಿದ್ದ ಚರ್ಮ ಮತ್ತು ಎಲುಬು ನಿನ್ನವೆಂದು ಗುರುತು ಹಿಡಿದರು.

ಈಗ ಸರದಿ ಟ್ಯಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಗಳದ್ದು. 1996ರಿಂದ ಅವುಗಳ ಮುಖಕ್ಕೆ ಅಂಟುವ ಕ್ಯಾನ್ಸರ್ ಹರಡುತ್ತಿದೆ. ರೋಗದಿಂದ ಉಳಿದವನ್ನು ರಸ್ತೆ ಕೊಲ್ಲುತ್ತದೆ. ಕಾರಿಗೆ ಸಿಕ್ಕಿ ಸತ್ತ ಪ್ರಾಣಿಯನ್ನು ತಿನ್ನಲು ಅವು ರಾತ್ರಿ ಡಾಂಬರಿಗೆ ಬರುತ್ತವೆ, ಹಿಂದಿನಿಂದ ಇನ್ನೊಂದು ಕಾರು ಬರುತ್ತದೆ. ಮುಸ್ಸಂಜೆಯಿಂದ ಮುಂಜಾನೆಯವರೆಗೆ ನಿಧಾನ ಹೋಗಿ ಎಂಬ ಹಳದಿ ಫಲಕಗಳು ಅಲ್ಲಲ್ಲಿ ಇವೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೇ ನಿರ್ಬಂಧವಿದೆ. ಅದರ ವಿರುದ್ಧ ಕೂಗೆದ್ದಾಗಲೆಲ್ಲ ನನಗೆ ಇನ್ನು ಮುಂದೆ ನೀನು ನೆನಪಾಗುತ್ತೀ.

ಒಂದು ಸಂಜೆ ತಿರುವಿನಲ್ಲಿ ಪ್ಯಾಡಿಮೆಲನ್ ಒಂದು ಸತ್ತು ಬಿದ್ದಿತ್ತು, ಮೊಣಕಾಲೆತ್ತರದ ಕಾಂಗರೂ ಜಾತಿ. ತಾಯಿ ಸತ್ತರೂ ಚೀಲದೊಳಗೆ ಮರಿ ಬದುಕಿರಬಹುದು, ಇಳಿದು ನೋಡಬೇಕು ಎಂದು ಅಲ್ಲಿಯವರು ಹೇಳಿದ್ದರು. ನಾನು ಟಾರ್ಚ್ ಹಿಡಿದೆ, ಇವರು ಮಂಡಿಯೂರಿ ಮೆಲ್ಲಗೆ ಚೀಲಕ್ಕೆ ಕೈ ಹಾಕಿದರು. ಖಾಲಿಯಾಗಿತ್ತು, ಮೈ ಇನ್ನೂ ಬೆಚ್ಚಗಿತ್ತು. ಡೆವಿಲ್ ಬಂದರೆ ರಸ್ತೆಗೆ ಇಳಿಯದಿರಲಿ ಎಂದು ಇಬ್ಬರೂ ಸೇರಿ ಅದನ್ನು ಹುಲ್ಲಿನಾಚೆ ದೂರಕ್ಕೆ ಎಳೆದಿಟ್ಟೆವು.

ಮರಳಿ ಹಡಗು ಹತ್ತುವವರೆಗೆ ಮತ್ತೆ ಒಂದು ದಿನವೂ ಕತ್ತಲಾದ ಮೇಲೆ ಕಾರು ತೆಗೆಯಲಿಲ್ಲ.

ಇತಿ,
ಮಲೆನಾಡಿನ ಒಬ್ಬಳು