ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಇತ್ತು

ಅಕ್ಕನ ಮಗನ ಎಂಆರ್‌ಐ ರಿಪೋರ್ಟ್ ಬಂದ ದಿನ ನಾನು ಸೋಂಪುರದ ಮನೆಯಲ್ಲೇ ಇದ್ದೆ, ವರ್ಕ್ ಫ್ರಮ್ ಹೋಮ್. ಕೊನೆಯ ಸಾಲಿನಲ್ಲಿ ‘ನಾರ್ಮಲ್’ ಅಂತ ಇತ್ತು. ಎಲ್ಲರಿಗೂ ಖುಷಿ. ಅಕ್ಕ ಮಾತ್ರ ಅಡುಗೆಮನೆಗೆ ಹೋಗಿ ಅತ್ತಳು. “ಮಿದುಳಲ್ಲಿ ಏನೂ ಇಲ್ಲ ಅಂದ್ರೆ ತಪ್ಪು ನಂದೇ ಅಂತಾಯ್ತಲ್ಲೋ” ಅಂದಳು.

ಪುಟ್ಟನಿಗೆ ನಾಲ್ಕು ವರ್ಷ. ಹೆಸರು ಕರೆದರೆ ತಿರುಗುವುದಿಲ್ಲ. ಡಾಬಸ್‌ಪೇಟೆ ಕಡೆ ಹೋಗುವ ಲಾರಿಗಳ ಚಕ್ರ ನೋಡುತ್ತಾ ಎಷ್ಟು ಹೊತ್ತಾದರೂ ನಿಲ್ಲುತ್ತಾನೆ. ಆಟಿಸಂ ಅಂತ ಡಾಕ್ಟರು ಹೇಳಿದ ಮೇಲೆ ಬಂಧುಗಳೆಲ್ಲ ಒಂದೊಂದು ಕಾರಣ ಕಂಡುಹಿಡಿದರು. ಮಗುವಿಗೆ ಮೊಬೈಲ್ ಕೊಟ್ಟಳು, ಬಿಟ್ಟು ಕೆಲಸಕ್ಕೆ ಹೋದಳು, ಬಸುರಿಯಲ್ಲಿ ಗ್ರಹಣ ನೋಡಿದಳು. ಒಬ್ಬರು ಮಾತ್ರ ಶಿವಗಂಗೆಗೆ ಹರಕೆ ಹೊತ್ತುಕೊಳ್ಳಿ ಅಂದರು. ಅಕ್ಕನ ಮೇಲೆ ತಪ್ಪು ಹೊರಿಸದ ಸಲಹೆ ಅದೊಂದೇ ಆದ್ದರಿಂದ ಬೆಟ್ಟ ಹತ್ತಿ ಬಂದೆವು.

ನಿಜ ಹೇಳಬೇಕೆಂದರೆ ಸ್ಕ್ಯಾನ್ ಮಾಡಿಸಿದ್ದು ಆಟಿಸಂಗಲ್ಲ. ಅವನಿಗೆ ಎರಡು ಸಲ ಫಿಟ್ಸ್ ಬಂದಿತ್ತು, ಅದಕ್ಕೆ. ಆಟಿಸಂ ಗುರುತಿಸುವುದು ಮಗುವಿನ ನಡವಳಿಕೆ ನೋಡಿ, ಫಿಲ್ಮ್ ನೋಡಿ ಅಲ್ಲ ಅಂತ ಡಾಕ್ಟರು ಹೇಳಿಯೂ ಇದ್ದರು. ಅಕ್ಕ ಅದನ್ನು ಕೇಳಿಸಿಕೊಂಡಿರಲಿಲ್ಲ. ಅವಳಿಗೆ ಬೇಕಿದ್ದದ್ದು ಸಾಕ್ಷಿ.

ಹಾಗಾದರೆ ಆಟಿಸಂ ಮಕ್ಕಳ ಮಿದುಳಿನ ರಚನೆ ಬೇರೆ ಅಂತ ಪೇಪರಿನಲ್ಲಿ ಬರುವುದೆಲ್ಲ ಸುಳ್ಳಾ? ಅಲ್ಲ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ 106 ಹಸುಗೂಸುಗಳನ್ನು ನಿದ್ದೆಯಲ್ಲಿರುವಾಗಲೇ ಸ್ಕ್ಯಾನ್ ಮಾಡಿದ್ದರು. ಮುಂದೆ ಆಟಿಸಂ ಎಂದು ಗೊತ್ತಾದ ಮಕ್ಕಳಲ್ಲಿ ಮಿದುಳಿನ ಹೊರಪದರದ ವಿಸ್ತೀರ್ಣ 6ರಿಂದ 12 ತಿಂಗಳೊಳಗೇ ಹೆಚ್ಚು ವೇಗವಾಗಿ ಬೆಳೆದಿತ್ತು. ಆದರೆ ಇದು ಗುಂಪಿನ ಸರಾಸರಿ ಲೆಕ್ಕ. ಒಂದು ಮಗುವಿನ ಫಿಲ್ಮ್ ಹಿಡಿದು ರೇಡಿಯಾಲಜಿಸ್ಟ್ ಕಣ್ಣಿಗೆ ಕಾಣುವಂಥದ್ದಲ್ಲ.

ಇದು ನನಗೆ ಗೊತ್ತಾದದ್ದು ಕೈ ಸುಟ್ಟುಕೊಂಡು. ‘ಅಬೈಡ್’ ಅಂತ ಒಂದು ದತ್ತಾಂಶ ಸಂಗ್ರಹ ಇದೆ. 2012ರಲ್ಲಿ 17 ಕೇಂದ್ರಗಳು ಸೇರಿ 1112 ಜನರ ಸ್ಕ್ಯಾನ್‌ಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಬಿಟ್ಟುಕೊಟ್ಟವು. ನಾನೂ ಇಂಜಿನಿಯರ್ ತಾನೇ, ಹುಮ್ಮಸ್ಸಿನಲ್ಲಿ ಅದರಿಂದ ಮಿದುಳಿನ ಅಳತೆಗಳನ್ನು ಇಳಿಸಿಕೊಂಡು ಒಂದು ಪ್ರೋಗ್ರಾಂ ಬರೆದೆ. ಮೊದಲು ಉತ್ತರ ಚೆನ್ನಾಗಿಯೇ ಬಂತು. ಒಂದು ವಾರ ಮೀಸೆ ತಿರುವಿದೆ. ಆಮೇಲೆ ಅದು ನೋಡೇ ಇರದ ಕೇಂದ್ರದ ಅಳತೆ ಕೊಟ್ಟರೆ ನಾಣ್ಯ ಚಿಮ್ಮಿದಷ್ಟೇ ಸರಿ! ಪ್ರೋಗ್ರಾಂ ಕಲಿತದ್ದು ಆಟಿಸಂ ಅಲ್ಲ, ಯಾವ ಊರಿನ ಮೆಷಿನ್ ಅನ್ನೋದನ್ನ.

ಅಕ್ಕನಿಗೆ ಇದೆಲ್ಲ ಬೇಡವಾಗಿತ್ತು. ಅವಳಿಗೆ ಹಳೇ ಕಥೆ ಹೇಳಿದೆ. 1943ರಲ್ಲಿ ಅಮೆರಿಕದ ಡಾಕ್ಟರ್ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗಲೇ ಕೆಲವರ ತಲೆ ದೊಡ್ಡದಿತ್ತು ಅಂತ ಗುರುತಿಸಿದ್ದರು. ಜೊತೆಗೆ ಅಪ್ಪ ಅಮ್ಮಂದಿರಲ್ಲಿ ಅಕ್ಕರೆ ಕಡಿಮೆ ಅಂತಲೂ ಬರೆದರು. ಲೋಕ ಎರಡನೆಯದನ್ನೇ ಹಿಡಿದುಕೊಂಡಿತು. ‘ಫ್ರಿಜ್‌ನಂಥ ತಾಯಿ’ ಅನ್ನೋ ಮಾತು ದಶಕಗಟ್ಟಲೆ ಓಡಾಡಿತು. 1977ರಲ್ಲಿ 21 ಜೋಡಿ ಅವಳಿಗಳ ಅಧ್ಯಯನ ಬಂದಾಗ ವಂಶವಾಹಿಗಳ ಪಾಲು ದೊಡ್ಡದು ಎಂದು ಕಂಡಿತು.

“ಅಂದ್ರೆ ಅಮೆರಿಕದಲ್ಲೂ ಅಮ್ಮನ್ನೇ ಬೈದ್ರಾ?” ಅಂದಳು.

“ಹೂಂ. ನೀನು ಮೊಬೈಲ್ ಕೊಟ್ಟಿದ್ದು ಅವನಿಗೆ ಎರಡು ವರ್ಷ ತುಂಬಿದ ಮೇಲೆ. ಆ ಸ್ಕ್ಯಾನ್‌ಗಳಲ್ಲಿ ವ್ಯತ್ಯಾಸ ಕಂಡಿದ್ದು ವರ್ಷ ತುಂಬೋದ್ರೊಳಗೆ.”

ಇದನ್ನೇ ಅವಳ ಅತ್ತೆಗೂ ಹೇಳು ಅಂತ ನನ್ನನ್ನು ಎಳಕೊಂಡು ಹೋದಳು. ಅವರು ಕಾಫಿ ಕೊಟ್ಟು, ಪೂರ್ತಿ ಕೇಳಿ, “ಆದ್ರೂ ಮೊಬೈಲ್ ಅಷ್ಟೊಂದು ಕೊಡಬಾರದಿತ್ತು” ಅಂದರು. ಅಕ್ಕ ನನ್ನ ಮುಖ ನೋಡಿ ನಕ್ಕುಬಿಟ್ಟಳು.

ಮಂಗಳವಾರ ನೆಲಮಂಗಲದಲ್ಲಿ ಸ್ಪೀಚ್ ಥೆರಪಿ ಇದೆ. ಕಾರು ನಾನೇ ಓಡಿಸಬೇಕು, ಲಾರಿಗಳ ಹಿಂದೆ ನಿಧಾನಕ್ಕೆ.